ಅಡ್ಡಗೋಡೆ ಹಾಕಿದರೆ ಹಳೆಯ ಹಡಗು ಕೆಡುತ್ತದೆಯೆ?

ಓದುಗರ ಪತ್ರ: ಹಾಯಿಹಡಗುಗಳ ಪ್ರತಿಕೃತಿ ಕುರಿತ ನಿಮ್ಮ ಲೇಖನ ಓದಿದೆ. ಇಂಜಿನ್, ಒಡಲನ್ನು ಕೋಣೆಗಳಾಗಿ ವಿಂಗಡಿಸಿ ನೀರು ತಡೆಯುವ ಅಡ್ಡಗೋಡೆ, ಪಂಪು ಎಲ್ಲ ಸೇರಿಸಿದ ಮೇಲೆ ಅದು ಪ್ರತಿಕೃತಿ ಹೇಗಾದೀತು? ಹಿಂದಿನವರು ಇವೊಂದೂ ಇಲ್ಲದೆ ಸಾಗರ ದಾಟಲಿಲ್ಲವೆ?

ಸಂಪಾದಕರ ಉತ್ತರ: ದಾಟಿದರು. ಮುಳುಗಿದವರನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಸ್ವೀಡನ್ನಿನ ಯುದ್ಧನೌಕೆ ವಾಸಾ 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ, ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಗಾಳಿಗೆ ವಾಲಿ, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಹೊರಡುವ ಮೊದಲೇ 30 ಜನರನ್ನು ಡೆಕ್ಕಿನ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ನೋಡಿದ್ದರು. ಮೂರು ಸಲ ಓಡುವಷ್ಟರಲ್ಲೇ ಹಡಗು ತೂಗಾಡಿದ ರೀತಿಗೆ ಹೆದರಿ ಓಟ ನಿಲ್ಲಿಸಿದರು. ಹಡಗನ್ನು ಮಾತ್ರ ನಿಲ್ಲಿಸಲಿಲ್ಲ.

ಹಡಗು ವಾಲದೆ ನಿಲ್ಲುತ್ತದೆಯೆ ಎಂದು ನೋಡುವ ಈಗಿನ ಪರೀಕ್ಷೆಯೂ ಮೂಲದಲ್ಲಿ ಅದೇ, ಅಳತೆ ಸೇರಿದೆ ಅಷ್ಟೆ. ಗಾಳಿಯಿಲ್ಲದ ದಿನ, ಕಟ್ಟುಹಗ್ಗ ಸಡಿಲಿಸಿ, 200 ಟನ್ ತೂಕದ ಹಡಗಿನಲ್ಲಿ 1 ಟನ್ ಭಾರವನ್ನು 5 ಮೀಟರ್ ಪಕ್ಕಕ್ಕೆ ಸರಿಸಿದರು ಎನ್ನಿ. ಒಳಗೆ ತೂಗುಬಿಟ್ಟ 3 ಮೀಟರ್ ದಾರದ ಗುಂಡು 9 ಸೆಂ.ಮೀ. ಸರಿದರೆ ಮೆಟಾಸೆಂಟರ್ ಎತ್ತರ (ವಾಲಿದ ಹಡಗು ಮತ್ತೆ ನೆಟ್ಟಗಾಗುವ ಶಕ್ತಿಯ ಅಳತೆ) ಸುಮಾರು 83 ಸೆಂ.ಮೀ. ಗುಂಡು ಜೋಲಾಡದಿರಲು ಅದನ್ನು ಎಣ್ಣೆಯ ಬಕೆಟ್ಟಿನಲ್ಲಿ ಮುಳುಗಿಸಿಡುತ್ತಾರೆ. ಈ ಎತ್ತರ ಸಾಲದಿದ್ದರೆ, ಹಡಗಿನ ತಳದಲ್ಲಿ ಭಾರಕ್ಕೆಂದು ಇಡುವ ಕಲ್ಲಿನ ಬದಲು ಸೀಸ: ಅಷ್ಟೇ ತೂಕಕ್ಕೆ ಕಾಲು ಭಾಗ ಜಾಗ ಸಾಕು, ಭಾರ ಇನ್ನಷ್ಟು ಕೆಳಗೆ ಕೂರುತ್ತದೆ. ಅತಿಯಾದರೆ ಅದೂ ತೊಂದರೆಯೇ. ಹಡಗು ಬೇಗ ಬೇಗ ಜಗ್ಗಿ, ಹಾಯಿ ಕಟ್ಟುವ ಕೂವೆಮರಕ್ಕೆ ಪೆಟ್ಟು ಬೀಳುತ್ತದೆ.

ನಿಮಗೆ ಹೆಚ್ಚು ಕಿರಿಕಿರಿಯಾದದ್ದು ಅಡ್ಡಗೋಡೆ. 1977ರಲ್ಲಿ ಹಳೆಯ ಪದ್ಧತಿಗೆ ನಿಷ್ಠವಾಗಿ, ಅಡ್ಡಗೋಡೆಯಿಲ್ಲದೆ ಕಟ್ಟಿದ ಪ್ರೈಡ್ ಆಫ್ ಬಾಲ್ಟಿಮೋರ್ 1986ರ ಮೇ 14ರಂದು ಹಠಾತ್ ಬಿರುಗಾಳಿಗೆ ಮಗುಚಿ ಮುಳುಗಿತು. ಕಪ್ತಾನ ಸೇರಿ ನಾಲ್ವರು ಸತ್ತರು. 1988ರ ಎರಡನೇ ಪ್ರೈಡ್‌ಗೆ ನೀರು ನುಸುಳದ ಗೋಡೆಗಳು ಬಂದವು. ಹೊರಗಿನಿಂದ ನೋಡಿದರೆ ಅವು ಕಾಣುವುದೇ ಇಲ್ಲ.

ಆದರೆ ಮರದ ಒಡಲಿಗೆ ಇಂಥ ಗೋಡೆ ಕೂರಿಸುವುದು ಸುಲಭವಲ್ಲ. ಗೋಡೆ ಎರಡು ಪಕ್ಕೆಗಳ (ಒಡಲಿನ ಎಲುಬಿನಂಥ ಮರಗಳ) ನಡುವೆ ಬಿದ್ದರೆ ನೀರು, ಪಕ್ಕೆಗಳ ಒಳಮೈಗೆ ಹೊಡೆದ ಒಳಹಲಗೆಯ ಸಂದಿನಿಂದ ಹಿಂದಿನ ಪೊಳ್ಳಿಗೆ ಇಳಿದು, ಗೋಡೆಯನ್ನು ಬಳಸಿ, ಆಚೆ ಕೋಣೆಯಲ್ಲಿ ಏಳುತ್ತದೆ. ಅದಕ್ಕೇ ಅಲ್ಲಿ ಒಳಹಲಗೆ ಕತ್ತರಿಸಿ, ಗೋಡೆಯನ್ನು ಗಟ್ಟಿ ಪಕ್ಕೆಗೇ ನೇರ ಬೋಲ್ಟ್ ಮಾಡಬೇಕು. ಮರ ಹಿಗ್ಗಿ ಕುಗ್ಗುವುದರಿಂದ ಗಡುಸು ಅಂಟು ಬಿರಿಯುತ್ತದೆ. ಜಗ್ಗುವ ಸೀಲಂಟೇ ಬೇಕು. ಪಕ್ಕೆಯ ಬುಡದಲ್ಲಿ ನೀರು ಹರಿಯಲು ಬಿಟ್ಟ ತೂತನ್ನೂ ಅಲ್ಲಿ ಮುಚ್ಚಿ, ಪ್ರತಿ ಕೋಣೆಗೆ ಪಂಪಿನ ಬೇರೆ ಹೀರುಕೊಳವೆ ಕೊಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಯಾರೋ ಒಬ್ಬರು ವಯರ್ ಎಳೆಯಲು ಗೋಡೆಗೊಂದು ತೂತು ಕೊರೆದು ಹಾಗೇ ಬಿಟ್ಟರೆ ಮುಗಿಯಿತು.

ಗೋಡೆಯಿಂದ ಹೊಸದೊಂದು ಕಾಟವೂ ಹುಟ್ಟುತ್ತದೆ: ಗಾಳಿಯಾಡದ ಮೂಲೆ. ಅಲ್ಲಿ ಸೇರಿದ ಮಳೆನೀರು ಉಪ್ಪುನೀರಿಗಿಂತ ಬೇಗ ಮರವನ್ನು ಕೊಳೆಸುತ್ತದೆ. ಪ್ರತಿ ಕೋಣೆಗೂ ಗಾಳಿ ಬರುವ, ಹೋಗುವ ದಾರಿ ಎರಡೂ ಇರಲೇಬೇಕು. ಫ್ರಾನ್ಸಿನ ಎರ್ಮಿಯೋನ್ ಪ್ರತಿಕೃತಿಯ ಒಡಲಿಗೆ ಶಿಲೀಂಧ್ರ ಹಿಡಿದದ್ದು 2021ರಲ್ಲಿ ಪತ್ತೆಯಾಯಿತು. 2015ರಲ್ಲಷ್ಟೇ ಅದು ಅಮೆರಿಕಕ್ಕೆ ಹೋಗಿ ಬಂದಿತ್ತು.

ಇಂಜಿನ್ ಬಗ್ಗೆ ನಿಮ್ಮ ತಕರಾರು ಅರ್ಧ ಸರಿ. ಪ್ರೊಪೆಲ್ಲರ್ ನೀರಿನಲ್ಲಿ ಎಳೆತ ಹೆಚ್ಚಿಸುತ್ತದೆ, ಶಾಫ್ಟಿಗೆಂದು ಒಡಲಿಗೇ ತೂತು ಕೊರೆಯಬೇಕು. ಇಂಜಿನ್ ಇಲ್ಲದೆಯೇ ಕಟ್ಟಿದ್ದೂ ಉಂಟು: 1995ರಲ್ಲಿ ಮುಗಿದ ಡಚ್ ಪ್ರತಿಕೃತಿ ಬಟಾವಿಯಾ. 1999ರಲ್ಲಿ ಅದು ಆಸ್ಟ್ರೇಲಿಯಾಕ್ಕೆ ಹೋದದ್ದು ಇನ್ನೊಂದು ನಾವೆಯ ಬೆನ್ನೇರಿ.