ರಿಸ್ಕ್-ಫೈವ್‌ನಲ್ಲಿ ಪುಕ್ಕಟೆ ಸಿಗುವುದು ಯಾವುದು?

ಪ್ರಶ್ನೆ: ಆರ್ಮ್ ಪ್ರೊಸೆಸರ್‌ಗೆ ಲೈಸೆನ್ಸ್ ಬೇಕು, ರಿಸ್ಕ್-ಫೈವ್‌ಗೆ ಬೇಡ ಎಂದು ತರಗತಿಯಲ್ಲಿ ಹೇಳಿದರು. ಹಾಗಾದರೆ ಆ ಚಿಪ್‌ಗಳು ಪುಕ್ಕಟೆ ಸಿಗಬೇಕಲ್ಲವೇ? ಅವನ್ನು ಯಾರು ಬೇಕಾದರೂ ತಯಾರಿಸಬಹುದೇ?
— ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಅಧ್ಯಾಪಕರು ಹೇಳಿದ್ದು ಸರಿ. ಆದರೆ ಇಲ್ಲಿ ಮುಕ್ತವಾಗಿರುವುದು ಚಿಪ್ ಅಲ್ಲ, ಚಿಪ್‌ಗೂ ತಂತ್ರಾಂಶಕ್ಕೂ ನಡುವಿನ ಕರಾರು. ಪ್ರತಿಯೊಂದು ಪ್ರೊಸೆಸರ್‌ಗೂ ಅದಕ್ಕೆ ಅರ್ಥವಾಗುವ ಆದೇಶಗಳ ಪಟ್ಟಿಯೊಂದಿರುತ್ತದೆ. ಇನ್‌ಸ್ಟ್ರಕ್ಷನ್ ಸೆಟ್ ಎನ್ನುವುದು ಇದನ್ನೇ. ರಿಸ್ಕ್-ಫೈವ್ ಎಂಬುದು ಅಂತಹ ಒಂದು ಪಟ್ಟಿ, ಆ ಕರಾರು ಇದೇ. ರಿಸ್ಕ್-ಫೈವ್‌ನಲ್ಲಿ 32 ಬಿಟ್‌ಗಳ ಆದೇಶವೊಂದರ ಬಲತುದಿಯ 7 ಬಿಟ್‌ಗಳು 0010011 ಆಗಿದ್ದರೆ, ರಿಜಿಸ್ಟರ್‌ನಲ್ಲಿರುವ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹದಲ್ಲಿರುವ) ಸಂಖ್ಯೆಗೆ ಆದೇಶದಲ್ಲೇ ಅಡಕವಾಗಿರುವ ಸಂಖ್ಯೆಯನ್ನು ಕೂಡಿಸುವಂತಹ ಕೆಲಸವಿದು ಎಂದು ಪ್ರೊಸೆಸರ್ ತಿಳಿಯುತ್ತದೆ. ಅದೇ ಜಾಗದಲ್ಲಿ 0001011 ಇದ್ದರೆ, ಅದರ ಅರ್ಥವೇನೆಂಬುದನ್ನು ಚಿಪ್ ವಿನ್ಯಾಸಗೊಳಿಸುವವರೇ ತೀರ್ಮಾನಿಸಬಹುದು. ಸ್ವಂತ ಆದೇಶಗಳಿಗೆಂದೇ ಆ ಜಾಗವನ್ನು ಕಾದಿರಿಸಲಾಗಿದೆ. ಹಣದ ಉಳಿತಾಯಕ್ಕಿಂತ ಈ ಸ್ವಾತಂತ್ರ್ಯವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಆರಂಭವಾದ ಆರ್ಮ್ ಕಂಪನಿ ಬೆಳೆದದ್ದು ಚಿಪ್ ಮಾರಿ ಅಲ್ಲ, ಲೈಸೆನ್ಸ್ ಮಾರಿ. ಸಿದ್ಧ ವಿನ್ಯಾಸವನ್ನು ಬಳಸಲು ಒಂದು ಬಗೆಯ ಲೈಸೆನ್ಸ್, ಆದೇಶಗಳ ಪಟ್ಟಿಯನ್ನಷ್ಟೇ ಪಡೆದು ವಿನ್ಯಾಸವನ್ನು ತಾವೇ ಮಾಡಿಕೊಳ್ಳುವವರಿಗೆ ಇನ್ನೊಂದು ಬಗೆ. ಮುಂಗಡ ಶುಲ್ಕದ ಜೊತೆಗೆ, ಮಾರಾಟವಾಗುವ ಚಿಪ್‌ಗಳ ಮೇಲೆ ರಾಯಧನವನ್ನೂ ಕೊಡಬೇಕು. ಇದರ ಸೂಕ್ಷ್ಮ ತಿಳಿಯಲು ಮೊಬೈಲ್ ಚಿಪ್‌ಗಳ ಕಂಪನಿ ಕ್ವಾಲ್ಕಾಮ್‌ನ ಪ್ರಕರಣವನ್ನು ನೋಡಿ. ಅದು 2021ರಲ್ಲಿ ನುವಿಯಾ ಎಂಬ ಸಣ್ಣ ಕಂಪನಿಯನ್ನು ಕೊಂಡಾಗ, ನುವಿಯಾದ ಲೈಸೆನ್ಸ್ ಹೊಸ ಮಾಲೀಕರಿಗೆ ತಾನಾಗಿ ಸಲ್ಲುವುದಿಲ್ಲವೆಂದು ತಕರಾರು ತೆಗೆದ ಆರ್ಮ್, ಮರುವರ್ಷ ನ್ಯಾಯಾಲಯದ ಮೆಟ್ಟಿಲೇರಿತು. ನುವಿಯಾದ ವಿನ್ಯಾಸ ಬಳಸಿದ ಚಿಪ್‌ಗಳು ಕ್ವಾಲ್ಕಾಮ್‌ನ ಸ್ವಂತ ಲೈಸೆನ್ಸ್‌ನ ವ್ಯಾಪ್ತಿಯೊಳಗೇ ಬರುತ್ತವೆಂದು 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಜ್ಯೂರಿ ಹೇಳಿತು. (ಇಂಟೆಲ್, ಎಎಮ್‌ಡಿ ಪ್ರೊಸೆಸರ್‌ಗಳ ಆದೇಶಪಟ್ಟಿಯಾದ ಎಕ್ಸ್86ರ ಲೋಕ ಇನ್ನೂ ಬಿಗಿ, ಆ ಎರಡು ಕಂಪನಿಗಳ ನಡುವಿನ ಒಪ್ಪಂದದೊಳಗೆ ಹೊಸಬರಿಗೆ ಪ್ರವೇಶ ದುರ್ಲಭ.)

2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ರಿಸ್ಕ್-ಫೈವ್‌ಗೆ ಇಂತಹ ಮಾಲೀಕರಿಲ್ಲ. ಅದರ ನಿಯಮಾವಳಿಯನ್ನು ಈಗ ಸ್ವಿಟ್ಜರ್ಲೆಂಡ್‌ನಲ್ಲಿ ನೋಂದಾಯಿತವಾದ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ. ಆದರೂ ಆ ಪಟ್ಟಿಗೆ ತಕ್ಕ ವಿನ್ಯಾಸ ಮಾಡುವುದು, ಅದರ ದೋಷಗಳನ್ನು ಹುಡುಕುವುದು, ಕೊನೆಗೆ ಕಾರ್ಖಾನೆಯಲ್ಲಿ ಮಾಡಿಸುವುದು, ಇದಾವುದೂ ಅಗ್ಗವಲ್ಲ. ಸೈಫೈವ್‌ನಂತಹ ಕಂಪನಿಗಳು ರಿಸ್ಕ್-ಫೈವ್ ವಿನ್ಯಾಸಗಳನ್ನು ಹಣಕ್ಕೇ ಮಾರುತ್ತವೆ. ಐಐಟಿ ಮದ್ರಾಸ್ ತನ್ನ ಶಕ್ತಿ ಪ್ರೊಸೆಸರ್‌ನ ವಿನ್ಯಾಸವನ್ನು ಮುಕ್ತವಾಗಿ ಪ್ರಕಟಿಸಿದೆ. ಆದರೆ 2018ರಲ್ಲಿ ಚಿಪ್ ಮಾಡಿಸಲು ಅದು ಮೊದಲು ಅಮೆರಿಕದ ಇಂಟೆಲ್ ಕಾರ್ಖಾನೆಗೆ, ಬಳಿಕ ಚಂಡೀಗಢದ ಪಕ್ಕದ ಮೊಹಾಲಿಯ ಸರ್ಕಾರಿ ಘಟಕಕ್ಕೆ ಹೋಗಬೇಕಾಯಿತು.

ನಿಮ್ಮ ಪಾಲಿಟೆಕ್ನಿಕ್ ಪ್ರಯೋಗಾಲಯದಲ್ಲಿ ತಕ್ಕ ಎಫ್‌ಪಿಜಿಎ ಬೋರ್ಡ್ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಚಿಪ್ ಇರುವ ಬೋರ್ಡ್) ಇದ್ದರೆ, ಶಕ್ತಿಯ ಚಿಕ್ಕ ಮಾದರಿಯೊಂದನ್ನು ಅದರಲ್ಲೇ ಓಡಿಸಿ ನೋಡಬಹುದು. ಅದಕ್ಕೆ ಯಾರ ಸಹಿಯೂ ಬೇಕಿಲ್ಲ.