ಮಳೆಗಾಲದಲ್ಲಿ ಹಳದಿಯಾಗುವ ಕುಂಡದ ಗಿಡಗಳು

ಪ್ರಶ್ನೆ: ಯುಗಾದಿಯ ಹೊತ್ತಿಗೆ ಶಿವಮೊಗ್ಗದ ನರ್ಸರಿಯಿಂದ ಮನಿಪ್ಲಾಂಟ್, ಪೀಸ್ ಲಿಲ್ಲಿ ಮತ್ತು ಮಾನ್‌ಸ್ಟೆರಾ ಗಿಡಗಳನ್ನು ತಂದು ಜಗಲಿಯ ಒಳಗೋಡೆಯ ಪಕ್ಕ ಇಟ್ಟಿದ್ದೇನೆ. ದಿನವೂ ಬೆಳಿಗ್ಗೆ ತಪ್ಪದೆ ಒಂದೊಂದು ಚೊಂಬು ನೀರು ಹಾಕುತ್ತೇನೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದವು. ಆರಿದ್ರಾ ಮಳೆ ಹಿಡಿದ ಮೇಲೆ ಕೆಳಗಿನ ಎಲೆಗಳು ಹಳದಿಯಾಗುತ್ತಿವೆ, ಪೀಸ್ ಲಿಲ್ಲಿ ಜೋತುಬಿದ್ದಿದೆ, ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಏಳುತ್ತವೆ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಇವಕ್ಕೆ ಸಿಂಪಡಿಸಬಹುದೇ?
— ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ಬೋರ್ಡೋ ಬೇಡ. ಅದು ಕೊಳೆರೋಗ ತಗಲುವ ಮುನ್ನ ಅಡಿಕೆ ಗೊನೆಯ ಮೇಲೆ ಲೇಪವಾಗಿ ನಿಂತು ಕಾಯುವ ಔಷಧಿ, ಅದೂ ಕಲಸಿದ ದಿನವೇ ಬಳಸಬೇಕಾದದ್ದು. ನಿಮ್ಮ ಗಿಡಗಳ ತೊಂದರೆ ಇರುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಮೇಲಾಗಿ ಒಳಾಂಗಣದ ಮೆತ್ತನೆಯ ಎಲೆಗಳು ಆ ದ್ರಾವಣಕ್ಕೆ ಸುಟ್ಟುಹೋಗಬಹುದು.

ನೀವು ತಂದಿರುವ ಮೂರೂ ಗಿಡಗಳು ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದವು. ಮಾನ್‌ಸ್ಟೆರಾದ ಮೂಲ ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಕಾಡು. ಅಲ್ಲಿ ಅದು ನಮ್ಮ ಕಾಳುಮೆಣಸಿನ ಬಳ್ಳಿಯಂತೆ ಮರಕ್ಕೆ ಹಬ್ಬುತ್ತದೆ. ಅದರ ಸ್ವಭಾವ ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ, ನಿಮ್ಮ ಹಿತ್ತಲಿನ ಹಲಸಿನ ಮರದ ಕವಲಿನಲ್ಲಿ ಚಿಗುರುವ ಮರಕೆಸುವನ್ನು ನೋಡಿದರೆ ಸಾಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯ ಸುತ್ತಲೂ ಮರದ ಮೇಲಿನ ಇಂಥ ಗಿಡಗಳು ಕೊಳೆಯುವುದಿಲ್ಲ. ಏಕೆಂದರೆ ಸುರಿದ ನೀರು ಅಲ್ಲಿ ನಿಲ್ಲದೆ ಇಳಿದುಹೋಗುತ್ತದೆ, ಬೇರಿನ ಸುತ್ತ ತರಗೆಲೆಯ ಪುಡಿಯೂ ಗಾಳಿಯೂ ಉಳಿಯುತ್ತವೆ. ಕುಂಡದಲ್ಲಿ ದಿನವೂ ಬೀಳುವ ಒಂದು ಚೊಂಬು ನೀರು ಮಣ್ಣಿನ ಸಂದುಗಳಲ್ಲಿದ್ದ ಗಾಳಿಯನ್ನು ಹೊರದೂಡಿ ಅಲ್ಲಿಯೇ ಕೂರುತ್ತದೆ. ಮಳೆಗಾಲದ ಮೋಡದಲ್ಲಿ, ತಗ್ಗಿನ ಮಾಡಿನ ಜಗಲಿಯಲ್ಲಿ ಬೆಳಕು ಕಡಿಮೆಯಾಗುವುದರಿಂದ ಗಿಡ ಕುಡಿಯುವುದೂ ಕಡಿಮೆ. ಬೇಸಿಗೆಯಲ್ಲಿ ಸರಿಹೋಗುತ್ತಿದ್ದ ಅಳತೆಯೇ ಈಗ ವಿಪರೀತವಾಗಿದೆ.

ಜೋತುಬಿದ್ದ ಎಲೆಯನ್ನು ಕಂಡು ಇನ್ನಷ್ಟು ನೀರು ಹಾಕುವುದು ಹೊಸಬರೆಲ್ಲರೂ ಮಾಡುವ ತಪ್ಪು. ಬಾಯಾರಿದ ಗಿಡವೂ ಜೋಲುತ್ತದೆ, ಬೇರು ಕೊಳೆತ ಗಿಡವೂ ಜೋಲುತ್ತದೆ. ನಾನು ಕಳೆದುಕೊಂಡ ಮೊದಲ ಪೀಸ್ ಲಿಲ್ಲಿ ತೂತಿಲ್ಲದ ಪಿಂಗಾಣಿ ಕುಂಡದೊಳಗೆ ಕುಳಿತಿತ್ತು. ಎತ್ತಿ ನೋಡಿದಾಗ ತಳದಲ್ಲಿ ಎರಡು ಬೆರಳು ನೀರು, ಕೆಸರಿನ ವಾಸನೆ. ಕಂದುಬಣ್ಣದ ಬೇರನ್ನು ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲಿ ಉಳಿಯಿತು. ನೀವೂ ಹಾಗೆಯೇ ಎಳೆದು ನೋಡಿರಿ. ಗಟ್ಟಿಯಾಗಿರುವ ಬಿಳಿ ಬೇರನ್ನು ಉಳಿಸಿಕೊಂಡು, ಕೊಳೆತದ್ದನ್ನು ಶುಚಿಯಾದ ಕತ್ತರಿಯಿಂದ ತೆಗೆದು, ಅರ್ಧ ದಿನ ನೆರಳಿನಲ್ಲಿ ಪತ್ರಿಕೆಯ ಹಾಳೆಯ ಮೇಲೆ ಆರಲು ಬಿಟ್ಟು, ಉಳಿದ ಬೇರಿಗೆ ತಕ್ಕಷ್ಟೇ ದೊಡ್ಡದಾದ, ತಳದಲ್ಲಿ ತೂತಿರುವ ಕುಂಡದಲ್ಲಿ ಮರುನೆಡಿರಿ. ಮನಿಪ್ಲಾಂಟಿನ ಬೇರು ಪೂರ್ತಿ ಹೋಗಿದ್ದರೂ ಚಿಂತೆಯಿಲ್ಲ. ಗಿಣ್ಣಿರುವ ಒಂದು ತುಂಡನ್ನು ನೀರಿನ ಬಾಟಲಿಯಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ.

ತೋಟದ ಕೆಂಪು ಮಣ್ಣೊಂದನ್ನೇ ತುಂಬಬೇಡಿರಿ, ನೆನೆದು ಒಣಗಿದ ಮೇಲೆ ಅದು ಇಟ್ಟಿಗೆಯಂತಾಗುತ್ತದೆ. ಅದರ ಒಂದು ಪಾಲಿಗೆ ಕೊಳೆತ ತರಗೆಲೆ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಸೇರಿಸಿ, ಬಚ್ಚಲೊಲೆಯ ಇದ್ದಿಲನ್ನು ಕಡಲೆಕಾಳಿನಷ್ಟು ಚೂರು ಮಾಡಿ ಎರಡು ಮುಷ್ಟಿ ಬೆರೆಸಿರಿ. ಬೂದಿಯನ್ನು ಜರಡಿಯಾಡಿ ತೆಗೆಯಿರಿ. ಅದರ ಕ್ಷಾರ ಈ ಗಿಡಗಳಿಗೆ ಹಿಡಿಸುವುದಿಲ್ಲ. ಗೊಬ್ಬರಕ್ಕೆ ದೀಪಾವಳಿಯ ನಂತರ ಕೈಹಾಕಿದರಾಯಿತು.

ಕುಂಡವನ್ನು ಕಿಟಕಿಯಿಂದ ಎರಡು ಮೂರು ಅಡಿಯೊಳಗೆ ತನ್ನಿರಿ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಒಣಗಿದೆ ಎನಿಸಿದರೆ ಮಾತ್ರ ತಳದ ತೂತಿನಿಂದ ಇಳಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿರಿ. ಆಷಾಢದಲ್ಲಿ ಇದು ಹತ್ತು ದಿನಕ್ಕೊಮ್ಮೆ ಬಂದರೂ ಆಶ್ಚರ್ಯವಿಲ್ಲ. ಆ ನೊಣಗಳ ಮರಿಹುಳುಗಳು ಬದುಕುವುದು ಒದ್ದೆಯಾದ ಮೇಲ್ಮಣ್ಣಿನಲ್ಲಿ. ಅದು ಒಣಗಿದರೆ ಅವುಗಳ ಸಂತತಿ ತಾನಾಗಿ ತಗ್ಗುತ್ತದೆ. ಎಲೆಗೆ ನೀರು ಚಿಮುಕಿಸುವ ಸಲಹೆ ಒಣ ಹವೆಯ ಊರಿನವರಿಗೆ ಇರಲಿ. ಬಟ್ಟೆಯೇ ಒಣಗದ ನಮ್ಮ ಮನೆಗಳಿಗೆ ಅದು ಬೇಡ.

ಪ್ರಶ್ನೆ: ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ. ಇಂಥ ಗಿಡಗಳನ್ನು ಇಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಹಸಿ ಕೆಸುವಿನಲ್ಲಿ ತುರಿಕೆ ತರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಮೇಲಿನ ಮೂರು ಗಿಡಗಳಲ್ಲಿಯೂ ಇವೆ. ಎಲೆ ಅಗಿದ ಮಗುವಿಗೆ ಬಾಯುರಿ, ಜೊಲ್ಲು, ತುಟಿಯ ಊತ ಬರಬಹುದು. ಬಾಯಿ ಒರೆಸಿ ತಣ್ಣೀರು ಕುಡಿಸಿರಿ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಮಗು ಬೆಳೆಯುವವರೆಗೆ ಅವನ್ನು ತೂಗುಕುಂಡಕ್ಕೇರಿಸಿ, ನೆಲದ ಮೇಲೆ ವಿಷವಿಲ್ಲದ ಸ್ಪೈಡರ್ ಪ್ಲಾಂಟ್ ಅಥವಾ ಅರೆಕಾ ಪಾಮ್ ಇಡುವುದು ಲೇಸು.