ಲೆಕ್ಕ ಕೇಳುವ ತಂದೆ: ಬೀದರಿನ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ. ಬೀದರ್ ಜಿಲ್ಲೆಯ ಒಂದು ಹಳ್ಳಿಯಿಂದ ಬಂದ ಈ ಮಹಿಳೆಗೆ ಮೂವತ್ತೈದರ ಆಸುಪಾಸು. ಪ್ರಾಥಮಿಕ ಶಾಲೆಯ ಶಿಕ್ಷಕಿ, ಒಂದನೆಯ ತರಗತಿಗೆ ಹೋಗುವ ಮಗಳ ತಾಯಿ, ತಾತನ ಕಾಲದಿಂದಲೂ ಮೆಥೋಡಿಸ್ಟ್ ಕ್ರೈಸ್ತ ಸಭೆಗೆ ಸೇರಿದ ಕುಟುಂಬದವರು. ತಂದೆ ತೀರಿಕೊಂಡ ಮೇಲೆ ಭಾನುವಾರದ ಆರಾಧನೆಯಲ್ಲಿ ಎಲ್ಲರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಪ್ರಾರ್ಥನೆ ಆರಂಭಿಸಿದ ಕೂಡಲೇ ತಮ್ಮ ಗಂಟಲು ಕಟ್ಟುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂಬುದು ಅವರ ದೂರು. ಸಭಾಪಾಲಕರು, ಅಂದರೆ ಸಭೆಯ ಪಾದ್ರಿ, ತಂದೆಯನ್ನು ಕ್ಷಮಿಸಬೇಕೆಂದೂ ಪ್ರಾರ್ಥನೆಯನ್ನು ಹೆಚ್ಚಿಸಬೇಕೆಂದೂ ಹೇಳಿದ್ದರು. ಆ ಸಲಹೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಯಾವ ಬಾಗಿಲು ತೆರೆಯಲಾಗದೆ ಆಕೆ ಒದ್ದಾಡುತ್ತಿದ್ದರೋ ಅದೇ ಬಾಗಿಲನ್ನು ಇನ್ನಷ್ಟು ಜೋರಾಗಿ ತಳ್ಳಲು ಹೇಳಿದಂತಾಗಿತ್ತು.

ನಿದ್ರೆ, ಊಟ, ಬದುಕು ಬೇಡವೆನ್ನುವ ಯೋಚನೆ, ಇವುಗಳ ಬಗ್ಗೆ ಮೊದಲೇ ಕೇಳಿದೆ. ನಿದ್ರೆ ಕಡಿಮೆಯಾಗಿತ್ತು, ಉಳಿದಂತೆ ಅಪಾಯದ ಸೂಚನೆ ಇರಲಿಲ್ಲ. ತಳಮಳ ಹೆಚ್ಚಾದರೆ ಮನೋವೈದ್ಯರನ್ನು ಕಾಣಬೇಕೆಂದೂ, ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದೆಂದೂ ತಿಳಿಸಿದೆ.

ಆಕೆಯ ತಂದೆ ಹೊಡೆಯುವವರಲ್ಲ, ಕುಡಿಯುವವರೂ ಅಲ್ಲ. ಹೈದರಾಬಾದಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದು, ಶನಿವಾರ ರಾತ್ರಿಯ ಬಸ್ಸಿಗೆ ಊರಿಗೆ ಬಂದು ಭಾನುವಾರ ಸಂಜೆ ಹೊರಟುಬಿಡುತ್ತಿದ್ದರು. ಬಂದವರು ಕೈಕಾಲು ತೊಳೆದು ಕುಳಿತ ಮೇಲೆ ಮೂವರು ಹೆಣ್ಣುಮಕ್ಕಳ ನೋಟ್‌ಬುಕ್ಕುಗಳನ್ನು ತರಿಸಿ, ಕೆಂಪು ಪೆನ್ನಿನಲ್ಲಿ ತಪ್ಪುಗಳಿಗೆ ಗೆರೆ ಹಾಕಿ, ಪುಟದ ಕೆಳಗೆ ತಪ್ಪಿನ ಸಂಖ್ಯೆ ಬರೆದು ಹಿಂದಿರುಗಿಸುತ್ತಿದ್ದರು. ತಪ್ಪಿಲ್ಲದ ಪುಟಕ್ಕೆ ಏನನ್ನೂ ಬರೆಯುತ್ತಿರಲಿಲ್ಲ. ಇದನ್ನು ಹೇಳುವಾಗ ಆಕೆಯ ಬೆರಳು ನನ್ನ ಮೇಜಿನ ಮೇಲೆ ತಾನಾಗಿಯೇ ಸಣ್ಣ ಸಣ್ಣ ಗೆರೆ ಎಳೆಯುತ್ತಿತ್ತು. ‘ದೇವರು ನೋಡ್ಲಕತ್ತಾನ ಅಂತ ನನಗ ಗೊತ್ತದರಿ ಮೇಡಂ. ಅದಕ್ಕೇ ಅಂಜಿಕಿ. ನೋಡದಿದ್ರೇ ಚಲೋ ಇತ್ತು ಅನಸ್ತದ’ ಎಂದರು.

ದೇವರು ತನ್ನನ್ನು ಮರೆತಿದ್ದಾನೆ ಎಂದು ಕೊರಗುವವರೇ ನನ್ನಲ್ಲಿಗೆ ಹೆಚ್ಚಾಗಿ ಬರುತ್ತಾರೆ. ಈಕೆಯ ಕೊರಗು ಇದಕ್ಕೆ ತಿರುಗುಮುರುಗು: ದೇವರ ಗಮನ ಸದಾ ತನ್ನ ಮೇಲಿದೆ, ಆದರೆ ಅದು ತಪ್ಪನ್ನು ಮಾತ್ರ ಹುಡುಕುವ ಗಮನ. ಇಂಥವರಿಗೆ ‘ದೇವರು ನಿಮ್ಮನ್ನು ಸದಾ ನೋಡುತ್ತಾನೆ’ ಎಂದು ಸಮಾಧಾನ ಹೇಳಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಮನೋವಿಶ್ಲೇಷಕಿ ಆನಾ ಮರಿಯಾ ರಿಜುಟೊ ಅವರು 1979ರಲ್ಲಿ ವಿವರಿಸಿದಂತೆ, ಮನಸ್ಸಿನಲ್ಲಿ ದೇವರ ಚಿತ್ರ ಮೂಡುವುದು ಬಾಲ್ಯದ ಸಂಬಂಧಗಳಿಂದ. ಆದರೆ ಅದು ತಂದೆಯೊಬ್ಬನಿಂದಲೇ ಮೂಡುವುದಿಲ್ಲ, ತಾಯಿ ಮತ್ತು ಇತರ ಆಪ್ತರಿಗೂ ಅದರಲ್ಲಿ ಪಾಲಿರುತ್ತದೆ, ಮತ್ತು ವಯಸ್ಸಾದ ಮೇಲೂ ಅದು ಬದಲಾಗಬಲ್ಲದು. ಈ ಕೊನೆಯ ಮಾತೇ ನಮ್ಮ ಕೆಲಸಕ್ಕೆ ಆಧಾರ.

ಒಂದು ಸಂಗತಿ ನನಗೆ ಕುತೂಹಲಕರವೆನಿಸಿತು. ಆಕೆಯ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಬಸವಣ್ಣನವರ ವಚನವೊಂದನ್ನು ಮಕ್ಕಳಿಂದ ಹೇಳಿಸುತ್ತಾರೆ. ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಇದು ಸಹಜವೇ. ದೇವರನ್ನು ತಂದೆ, ತಾಯಿ, ಬಂಧು, ಬಳಗ ಎಂದು ಒಂದೇ ಉಸಿರಿನಲ್ಲಿ ಕರೆಯುವ ಆ ವಚನವನ್ನು ಮಕ್ಕಳಿಗೆ ಹೇಳಿಕೊಡುವಾಗ ಆಕೆಗೆ ಗಂಟಲು ಕಟ್ಟುವುದಿಲ್ಲ. ಅಲ್ಲಿ ತಂದೆ ಒಂಟಿಯಾಗಿ ಬರುವುದಿಲ್ಲ, ಬೆನ್ನಿಗೇ ತಾಯಿಯೂ ಬಳಗವೂ ಬರುತ್ತವೆ ಎಂಬುದನ್ನು ಕಂಡುಕೊಂಡವರು ಆಕೆಯೇ. ತಾಯಿ ಮಗುವನ್ನು ಸಂತೈಸುವಂತೆ ನಿಮ್ಮನ್ನು ಸಂತೈಸುವೆನು ಎಂಬ ದೇವರ ಮಾತು ಬೈಬಲಿನ ಯೆಶಾಯನ ಪ್ರವಾದನೆಯಲ್ಲಿಯೂ ಇದೆಯೆಂದು ತೋರಿಸಿದಾಗ, ಅದರ ಮೇಲೆ ಬೋಧನೆ ಕೇಳಿದ ನೆನಪೇ ತಮಗಿಲ್ಲ ಎಂದರು.

ಮೊದಲ ಸಲಹೆಯಾಗಿ, ಕೆಲವು ವಾರಗಳ ಮಟ್ಟಿಗೆ ಸ್ವಂತ ಪ್ರಾರ್ಥನೆಯಲ್ಲಿ ದೇವರನ್ನು ತಂದೆ ಎಂದು ಕರೆಯುವುದನ್ನು ಬಿಡುವಂತೆ ಹೇಳಿದೆ. ಆಕೆ ಗಾಬರಿಯಾದರು, ಇದು ಪಾಪವಾಗುವುದಿಲ್ಲವೇ ಎಂದು ಎರಡು ಸಲ ಕೇಳಿದರು. ಬೈಬಲಿನ ಕೀರ್ತನೆಗಳಲ್ಲಿ ದೇವರನ್ನು ತಂದೆಯೆನ್ನುವುದು ಅಪರೂಪ, ಬಂಡೆ, ಕುರುಬ, ಆಶ್ರಯ ಎನ್ನುವುದೇ ಹೆಚ್ಚು. 13ನೆಯ ಕೀರ್ತನೆಯಂತೂ ‘ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ’ ಎಂಬ ಜಗಳದಿಂದಲೇ ಆರಂಭವಾಗುತ್ತದೆ. ಇದನ್ನು ಓದಿದ ಮೇಲೆ ಆಕೆಗೆ ಸ್ವಲ್ಪ ಧೈರ್ಯ ಬಂತು.

ಅನಂತರ ನಾವು ಬಹಳ ಹೊತ್ತು ನಿಂತದ್ದು ಗುಬ್ಬಿಗಳ ಮಾರಾಟವನ್ನು ಉದಾಹರಿಸಿ ಯೇಸು ಹೇಳಿದ ಮಾತಿನ ಬಳಿ. ಅದರಲ್ಲೇ ಬರುವ, ನಿಮ್ಮ ತಲೆಯ ಕೂದಲುಗಳೂ ಎಣಿಕೆಯಾಗಿವೆ ಎಂಬುದನ್ನು ಆಕೆ ಚಿಕ್ಕಂದಿನಿಂದ ಲೆಕ್ಕ ತಪಾಸಣೆಯೆಂದೇ ಕೇಳಿಸಿಕೊಂಡಿದ್ದರು. ಆದರೆ ಆ ವಾಕ್ಯದ ಬೆನ್ನಿಗೇ ಇರುವುದು ‘ಹೆದರಬೇಡಿರಿ’ ಎಂಬ ಮಾತು. ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ, ಲೂಕನ ಸುವಾರ್ತೆಯಲ್ಲಿ ಎರಡು ಕಾಸಿಗೆ ಐದು. ಎರಡನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಮಾಡಲು ಹೇಳಿದೆ. ಲೆಕ್ಕದವರ ಮಗಳಲ್ಲವೇ, ತಡವಾಗಲಿಲ್ಲ: ‘ಐದನೇದು ಕೊಸರರಿ!’ ಎಂದು ನಕ್ಕರು. ಬೆಲೆಯೇ ಇಲ್ಲದೆ ಕೊಸರಿಗೆ ಬಂದ ಆ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲವೆಂದು ಯೇಸು ಹೇಳುತ್ತಾನೆ. ಅದು ಏನು ತಪ್ಪು ಮಾಡಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಗಂಡುಮಗುವಿನ ನಿರೀಕ್ಷೆಯಲ್ಲಿದ್ದ ಮನೆಗೆ ಮೂರನೆಯ ಹೆಣ್ಣಾಗಿ ಹುಟ್ಟಿದವರು ತಾವು ಎಂಬುದನ್ನು ಆಕೆ ಮೊದಲ ಬಾರಿಗೆ ಹೇಳಿದ್ದು ಆ ದಿನವೇ. ಆಮೇಲೆ ಅತ್ತರು, ನಾನು ಮಾತನಾಡಲಿಲ್ಲ.

ಒಳ್ಳೆಯ ತಂದೆ ಸಿಗದವರು ದೇವರನ್ನು ತಂದೆಯೆಂದು ಅರಿಯಲಾರರು ಎಂದು ಕೆಲವರು ವಾದಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮೀನು ಕೇಳಿದ ಮಗನಿಗೆ ಹಾವನ್ನು ಕೊಡುವ ತಂದೆ ಇದ್ದಾನೆಯೇ ಎಂದು ಕೇಳುವ ಯೇಸು, ಕೇಳುಗರಾದ ತಂದೆಯಂದಿರನ್ನು ಅದೇ ಮಾತಿನಲ್ಲಿ ಕೆಟ್ಟವರೆಂದೇ ಕರೆಯುತ್ತಾನೆ. ಕೆಟ್ಟವರಾದ ನೀವೇ ಇಷ್ಟು ಮಾಡುವಿರಾದರೆ ದೇವರು ಎಷ್ಟೋ ಹೆಚ್ಚಾಗಿ ಮಾಡುವನಲ್ಲವೇ ಎಂಬುದು ಅವನ ತರ್ಕ. ಆದ್ದರಿಂದ ಅಪ್ಪನಲ್ಲಿ ಕೊರತೆಯಿತ್ತು ಎಂದು ಒಪ್ಪಿಕೊಂಡರೆ ದೇವರಿಗೆ ಅವಮಾನವಾಗುವುದಿಲ್ಲ, ಅಪ್ಪನಿಗೆ ದ್ರೋಹವೂ ಆಗುವುದಿಲ್ಲ ಎಂದು ಆಕೆಗೆ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಹೊಡೆತ ಅಥವಾ ಲೈಂಗಿಕ ದೌರ್ಜನ್ಯ ಇದ್ದಿದ್ದರೆ ನಮ್ಮ ಮಾತು ಇಲ್ಲಿಂದ ಶುರುವಾಗುತ್ತಿರಲಿಲ್ಲ. ಅಂಥಲ್ಲಿ ರಕ್ಷಣೆ ಮೊದಲು, ವಾಕ್ಯದ ಅರ್ಥ ಆಮೇಲೆ.

ಮನೆಯಲ್ಲಿ ಮಾಡಲು ಒಂದೇ ಕೆಲಸ ಕೊಟ್ಟೆ, ಅದೂ ಪ್ರಾರ್ಥನೆಗೆ ಸಂಬಂಧಿಸಿದ್ದಲ್ಲ. ಮಗಳು ಶಾಲೆಯಿಂದ ಬಂದೊಡನೆ ಬ್ಯಾಗು ತೆರೆಯದೆ, ಹೋಮ್‌ವರ್ಕ್ ಕೇಳದೆ, ಮೊದಲ ಹತ್ತು ನಿಮಿಷ ಅವಳು ಹೇಳಿದ್ದನ್ನು ಕೇಳುತ್ತಾ ಕೂರಬೇಕು. ತಾವೂ ಮಗಳ ಪುಸ್ತಕಕ್ಕೆ ಕೆಂಪು ಪೆನ್ನೇ ಹಿಡಿಯುತ್ತಿರುವುದನ್ನು ಆಕೆ ಆಗಲೇ ಗಮನಿಸಿದ್ದರು. ಎರಡು ವಾರದ ನಂತರ ಬಂದು, ಮಗಳ ಮುಂದಿನ ಹಲ್ಲು ಅಲುಗಾಡುತ್ತಿರುವುದು ತಮಗೆ ತಿಳಿದೇ ಇರಲಿಲ್ಲವೆಂದು ಹೇಳಿದರು. ಹೀಗೆ ಕಂಡುಕೊಂಡದ್ದನ್ನು ಯಾವ ಪುಟದ ಕೆಳಗೂ ಬರೆಯಬೇಕಿಲ್ಲ, ದೇವರ ನೋಟವೂ ಈ ಬಗೆಯದಾಗಿದ್ದರೆ ಅದರ ಮುಂದೆ ಕೂರುವುದು ಹೇಗಿರುತ್ತದೆಂದು ಯೋಚಿಸಿ ಬನ್ನಿ ಎಂದೆ.

ಈಗ ಆರಾಧನೆಯಲ್ಲಿ ಆಕೆ ಆ ಪ್ರಾರ್ಥನೆಯನ್ನು ಕೆಲವು ಭಾನುವಾರ ಪೂರ್ತಿ ಹೇಳುತ್ತಾರೆ, ಕೆಲವು ಭಾನುವಾರ ಮೊದಲ ಸಾಲುಗಳನ್ನು ಬಿಟ್ಟು ‘ಅನುದಿನದ ಆಹಾರ’ದ ಸಾಲಿನ ಹತ್ತಿರ ಸೇರಿಕೊಳ್ಳುತ್ತಾರೆ. ಎರಡೂ ಸರಿಯೆಂದು ಹೇಳಿದ್ದೇನೆ. ತೀರಿಹೋದ ತಂದೆಯ ಮೇಲಿನ ಸಿಟ್ಟು ಹಾಗೆಯೇ ಇದೆ, ಅದರ ಮೇಲೆ ಇನ್ನೂ ಕೆಲವು ಭೇಟಿಗಳು ಬೇಕು. ಕ್ಷಮೆಯ ಮಾತನ್ನು ಆಕೆಯೇ ಎತ್ತುವವರೆಗೆ ಯಾರೂ ಎತ್ತಬಾರದೆಂದು, ಆಕೆಯ ಅನುಮತಿ ಪಡೆದು, ಸಭಾಪಾಲಕರಿಗೂ ತಿಳಿಸಿದ್ದೇನೆ. ಅವರು ಒಪ್ಪಿದ್ದಾರೆ.